ತಮ್ಮ ಆರಾಮ ಆಗ್ಯಾನ, ಇನ್ನ ಮಾತ್ರಿ ಬಿಡಿಸಬಹುದೇನ್ರಿ?

ಸಿಂಧನೂರು ಅಣ್ಣ

ಎಲ್ಲಾರಿಗೂ ಶರಣ್ರಿ. ನಮ್ಮದು ಸಿಂಧನೂರು ತಾಲೂಕು, ಒಂದು ಕ್ಯಾಂಪಿನ ಬಾಜೂಕ ಹಳ್ಳಿ. ಹೆಸರು ಹೇಳಂಗಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ.

ನನ್ನ ತಮ್ಮಗ ಈಗ 26. ಐದು ವರ್ಷದ ಹಿಂದ ಬಿ.ಕಾಂ. ಕಡೀ ವರ್ಷದಾಗ ಇದ್ದಾಗ ಶುರು ಆತು. ಮೊದಲು ನಿದ್ದಿ ಹೋತು. ಆಮ್ಯಾಲ ಊಟ ಬಿಟ್ಟ. ಅವ್ವ ರೊಟ್ಟಿ ಕೊಟ್ರ ವಾಸನಿ ನೋಡಿ ತಾಟು ಸರಿಸ್ತಿದ್ದ, "ಇದರಾಗ ಏನೋ ಹಾಕೀರಿ" ಅಂತಿದ್ದ. ಫೋನು ಟವೆಲ್‌ನಾಗ ಸುತ್ತಿ ಜೋಳದ ಡಬ್ಬಿಯೊಳಗ ಹುಗದು ಇಡ್ತಿದ್ದ, ತನ್ನ ಮಾತು ಅದರಾಗಿಂದ ಯಾರೋ ಕೇಳ್ತಾರಂತ. ರಾತ್ರಿ ಒಬ್ಬನ ಕುಂತು ಯಾರಿಗೋ ಉತ್ತರ ಕೊಡ್ತಿದ್ದ. ಊರಾಗ ಗಾಳಿ ಸೋಕೈತಿ ಅಂದ್ರು. ಹುಲಿಗಿಗೆ ಐದು ಹುಣ್ಣಿವಿ ನಡಕೊಂಡ್ವಿ, ಗಾಣಗಾಪುರದಾಗ ಹನ್ನೊಂದು ದಿನ ಇದ್ವಿ. ಎರಡು ಎಕರೆ ಲೀಸಿಗೆ ಹಾಕಿದ್ವಿ. ಒಂದು ಖಾಸಗಿ ದವಾಖಾನ್ಯಾಗ ಹತ್ತು ದಿನ ಇಟ್ಕೊಂಡ್ರು, ಏನು ಬ್ಯಾನಿ ಅಂತ ಒಬ್ಬರೂ ಕುಂದ್ರಿಸಿ ಹೇಳಲಿಲ್ಲ. ಕಡೀಕ ಧಾರವಾಡದ ಮಾನಸಿಕ ದವಾಖಾನಿ ಡಿಮ್ಹಾನ್ಸ್‌ಗೆ ಹೋದ್ವಿ. ಸ್ಕಿಜೋಫ್ರೇನಿಯಾ ಅಂದ್ರು, ಓಲಂಜಪಿನ್ ಮಾತ್ರಿ ಬರದ್ರು. ಎರಡು ತಿಂಗಳಿಗೆ ತಮ್ಮ ತಾಟಿನ ಮುಂದ ಕುಂತು ಉಂಡ. ಆವತ್ತು ಅವ್ವ ಒಲಿ ಮುಂದಿಂದ ಎದ್ದು ಹೊರಗ ಹೋಗಿ ಅತ್ತು ಬಂದ್ಲು.

ಈಗ 14 ತಿಂಗಳಾತು, ಆರಾಮ ಅದಾನ. ಕಾರಟಗಿ ಕಡೆ ರೈಸ್ ಮಿಲ್‌ನಾಗ ಲೆಕ್ಕ ಬರೀತಾನ. ಅಪ್ಪ ಈಗ ಒಂದ ಹಟ ಹಿಡದಾನ, "ಆರಾಮಾದ ಮನಷ್ಯಾಗ ಮಾತ್ರಿ ಯಾಕ?" ಅಂತ. ಹೆಣ್ಣಿನ ಕಡ್ಯಾರು ನೋಡಾಕ ಬರೋರದಾರ. ಮೈ ಬ್ಯಾರೆ ಬಂದೈತಿ, 58 ಕೆ.ಜಿ. ಇದ್ದಾವ 79 ಆಗ್ಯಾನ. ಮುಂಜಾನಿ ಎಬ್ಬಿಸಿದ್ರ ಏಳಂಗಿಲ್ಲ. ಒಂದು ತಿಂಗಳು ಬಿಡಿಸಿ ನೋಡೋಣಂತ ಮನ್ಯಾಗ ಮಾತು ನಡದೈತಿ. ಬಿಡಿಸಬಹುದೇನ್ರಿ? ಮತ್ತ ಹೆಣ್ಣಿನ ಮನ್ಯಾರಿಗೆ ಹೇಳಬೇಕೇನು, ಬ್ಯಾಡೇನು? ಗೊತ್ತಿದ್ದವರು ಹೇಳ್ರಿ.

ಗಂಗಾವತಿ ಹುಡುಗ

ಅಣ್ಣಾರ, ಬಿಡಿಸಬ್ಯಾಡ್ರಿ. ನಮ್ಮ ಕಾಕಾಗ ಹಿಂಗ ಬಿಡಿಸಿದ್ವಿ. ನಾಲ್ಕನೇ ತಿಂಗಳಿಗೆ ಮನಿ ಬಿಟ್ಟು ಹೋದ, ಗುಂತಕಲ್ ಸ್ಟೇಷನ್‌ನಾಗ ಸಿಕ್ಕ. ಮೊದಲಿನಂಗ ಆಗಾಕ ವರ್ಷ ಹಿಡೀತು.

ಮಸ್ಕಿ ಗೆಳೆಯ

ನನ್ನ ಅಭಿಪ್ರಾಯ ಬೇರೆ. ಇವೆಲ್ಲ ನಿದ್ದೆ ಗುಳಿಗೆ. ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಹೋಗುತ್ತೆ, ಮನುಷ್ಯ ಮಂಕಾಗ್ತಾನೆ. ನಮ್ಮ ಹಿರಿಯರು ಇದಕ್ಕೆಲ್ಲ ಬೇರು ನಾರು ಕೊಟ್ಟು ವಾಸಿ ಮಾಡ್ತಿದ್ರು. ನಿಧಾನವಾಗಿ ಆಯುರ್ವೇದಕ್ಕೆ ಬದಲಾಯಿಸಿ ಅನ್ನೋದು ನನ್ನ ಸಲಹೆ.

ನಿವೃತ್ತ ಆರೋಗ್ಯ ಸಹಾಯಕ, ಬಳ್ಳಾರಿ

ಸಿಂಧನೂರು ಅಣ್ಣನಿಗೆ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಕೆಲಸದ ಬಹುಪಾಲು ವರ್ಷ ಈ ರೋಗಿಗಳ ಮನೆ ಬಾಗಿಲಿಗೆ ಸೈಕಲ್ ತುಳಿದವನು ನಾನು.

1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲೇ ಶುರುವಾಗಿತ್ತು, ಆದರೆ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಬೇಕಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ನಮ್ಮಂಥ ಸಹಾಯಕರಿಗೆ ತರಬೇತಿ ಕೊಟ್ಟರು. ಮಲೇರಿಯಾ ರಕ್ತಲೇಪನ ತೆಗೆಯಲು, ಮಕ್ಕಳ ಲಸಿಕೆ ಬರೆದುಕೊಳ್ಳಲು ಹೇಗೂ ಮನೆಮನೆಗೆ ಹೋಗುತ್ತಿದ್ದೆವಲ್ಲ, ಜೊತೆಗೆ ಇದನ್ನೂ ನೋಡಿ ಅಂದರು. ಒಬ್ಬರೇ ಮಾತಾಡಿಕೊಳ್ಳುವವರು, ಕಾರಣವಿಲ್ಲದೆ ಬಡಿದಾಡುವವರು, ಮೂಲೆ ಹಿಡಿದು ಕೂತವರು, ಮೂರ್ಛೆ ರೋಗದವರು ಇದ್ದಾರಾ ಕೇಳಿ, ಕಂಡರೆ ವೈದ್ಯರ ಹತ್ತಿರ ಕಳಿಸಿ, ತಿಂಗಳು ತಿಂಗಳು ಮಾತ್ರೆ ಮುಟ್ಟಿದೆಯಾ ವಿಚಾರಿಸಿ. ಔಷಧಿಯೂ ನಾಲ್ಕಾರು ಬಗೆ ಅಷ್ಟೇ. ಭ್ರಮೆಗೆ ಕ್ಲೋರ್‌ಪ್ರೋಮಝಿನ್, ಫ್ಲೂಫೆನಜಿನ್ ಇಂಜೆಕ್ಷನ್, ಖಿನ್ನತೆಗೆ ಒಂದು, ಮೂರ್ಛೆಗೆ ಫಿನೋಬಾರ್ಬಿಟೋನ್. ಅದೇ ಮುಂದೆ 'ಬಳ್ಳಾರಿ ಮಾದರಿ' ಅಂತ ದೇಶಕ್ಕೆ ಗೊತ್ತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇಲ್ಲಿ ಕಂಡದ್ದನ್ನು ಆಧರಿಸಿಯೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬಳ್ಳಾರಿ ಅಂದರೆ ಬಿಸಿಲು, ಗಣಿ ಅಷ್ಟೇ ಅಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ.

ಸಿರುಗುಪ್ಪ ಕಡೆಯ ಒಂದು ಊರಲ್ಲಿ ಹಿತ್ತಿಲ ಜಾಲಿಮರಕ್ಕೆ ಎತ್ತಿನ ಹಗ್ಗದಲ್ಲಿ ಕಟ್ಟಿದ್ದ ಹೆಣ್ಣುಮಗಳನ್ನು ಮೊದಲ ಸಲ ನೋಡಿದೆ. ಕಾಲಿನ ಹಗ್ಗದ ಜಾಗ ಹುಣ್ಣಾಗಿತ್ತು. ಮನೆಯವರು ಕ್ರೂರಿಗಳಲ್ಲ. ಬಿಟ್ಟರೆ ಕಾಲುವೆಗೆ ಹೋಗ್ತಾಳೆ ಅನ್ನೋ ಹೆದರಿಕೆ ಅವರಿಗೆ. ಮಾತ್ರೆ ನುಂಗಿಸಲು ಆಗುತ್ತಿರಲಿಲ್ಲ, ಫ್ಲೂಫೆನಜಿನ್ ಇಂಜೆಕ್ಷನ್ ಶುರು ಮಾಡಿದರು. ಒಂದು ಸೂಜಿ ಎರಡರಿಂದ ನಾಲ್ಕು ವಾರ ಕೆಲಸ ಮಾಡುತ್ತದೆ. ಮೂರನೇ ತಿಂಗಳು ನಾನು ಸೈಕಲ್ ನಿಲ್ಲಿಸುವಾಗ ಆಕೆಯೇ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. "ಯಾರು ಬೇಕ್ರಿ?" ಅಂತ ಕೇಳಿದಳು. ನನಗೆ ಗಂಟಲು ಕಟ್ಟಿತು.

ಈಗ ನಿಮ್ಮ ಪ್ರಶ್ನೆ. ಒಂದು ತಿಂಗಳು ಬಿಡಿಸಿ ನೋಡೋಣ ಅಂದಿದ್ದೀರಿ. ದಯವಿಟ್ಟು ಆ ಪರೀಕ್ಷೆ ಬೇಡ, ಅದು ಮೋಸ ಮಾಡುತ್ತದೆ. ಬಿಟ್ಟ ಮೊದಲ ತಿಂಗಳು ತಮ್ಮ ಇನ್ನೂ ಚೆನ್ನಾಗಿ ಕಾಣಬಹುದು. ಮಂಪರು ಹೋಗಿರುತ್ತದೆ, ಬೇಗ ಏಳುತ್ತಾನೆ, ಮಾತು ಹೆಚ್ಚಾಗುತ್ತದೆ. ನೋಡು, ಮಾತ್ರೆಯೇ ರೋಗ ಆಗಿತ್ತು ಅಂತಾರೆ ಮನೆಯವರು. ರೋಗ ಮರಳುವುದು ಅನೇಕರಲ್ಲಿ ವಾರಗಳಲ್ಲ, ತಿಂಗಳುಗಳ ಮೇಲೆ. ಅಷ್ಟರಲ್ಲಿ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. 2012ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನ ಪ್ರಕಟಿಸಿತು. ವರ್ಷದೊಳಗೆ ಸ್ಕಿಜೋಫ್ರೇನಿಯಾ ಮರುಕಳಿಸಿದ್ದು ಔಷಧಿ ಮುಂದುವರಿಸಿದವರಲ್ಲಿ 100ಕ್ಕೆ 27 ಜನರಿಗೆ, ನಿಲ್ಲಿಸಿ ಬರೀ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 64 ಜನರಿಗೆ. ನಿಲ್ಲಿಸಿದ ಎಲ್ಲರಿಗೂ ಬರಲಿಲ್ಲ, ಮುಂದುವರಿಸಿದವರೂ ಪೂರ್ತಿ ಪಾರಾಗಲಿಲ್ಲ, ಎರಡೂ ನಿಜ. ಆದರೆ ನಿಮ್ಮ ತಮ್ಮನ ಜೀವನ ಇಟ್ಟು ಆಡುವ ಆಟ ಅಲ್ಲ ಅದು.

ಮಸ್ಕಿ ಗೆಳೆಯರಿಗೆ: ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಸರ್ಪಗಂಧದ ಬೇರು ನಮ್ಮದೇ. ಕಲ್ಕತ್ತದ ಗಣನಾಥ ಸೇನ್, ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಅದು ರಕ್ತದೊತ್ತಡ ಇಳಿಸುತ್ತದೆ, ಉನ್ಮಾದ ತಣಿಸುತ್ತದೆ ಅಂತ ಬರೆದರು. ಅದರಿಂದ ತೆಗೆದ ರಿಸರ್ಪಿನ್ 1950ರ ದಶಕದಲ್ಲಿ ಪ್ರಪಂಚದ ಆಸ್ಪತ್ರೆಗಳಿಗೆಲ್ಲ ಹೋಯಿತು. ಆದರೆ ಬಿ.ಪಿ. ತೀರಾ ಇಳಿಯುತ್ತಿತ್ತು, ಅದೇ ಹೊತ್ತಿಗೆ, 1952ರಿಂದ, ಕ್ಲೋರ್‌ಪ್ರೋಮಝಿನ್ ಬಂದಿತ್ತು, ಅದು ಹೆಚ್ಚು ಕೆಲಸ ಮಾಡಿತು. ಬೇರು ಸೋತಿಲ್ಲ, ಅದಕ್ಕಿಂತ ಒಳ್ಳೆಯದು ಸಿಕ್ಕಿತು. ಹೀಗಾಗಿ ಹೊಸದು ಬಿಟ್ಟು ಹಳೆಯದಕ್ಕೆ ಹೋಗಿ ಅಂತ ನಾನು ಹೇಳಲಾರೆ. ಮತ್ತೆ ಓಲಂಜಪಿನ್ ನಿದ್ದೆ ಗುಳಿಗೆ ಅಲ್ಲ. ನಿದ್ದೆ ಬರಿಸುವುದು ಅದರ ಪಕ್ಕದ ಗುಣ, ಭ್ರಮೆ ತಗ್ಗಿಸುವುದು ಅದರ ಕೆಲಸ. ಕಿಡ್ನಿಗಿಂತ ಅದರಲ್ಲಿ ಕಾಯಬೇಕಾದ್ದು ತೂಕ ಮತ್ತು ಸಕ್ಕರೆ.

ಮಸ್ಕಿ ಗೆಳೆಯ

ಸರ್, ಸರ್ಪಗಂಧದ ವಿಷಯ ಇಷ್ಟು ಗೊತ್ತಿರಲಿಲ್ಲ. ನನ್ನ ಭಯ ಇರೋದು ಮಂಕಾಗೋದರ ಬಗ್ಗೆ. ನನ್ನ ಚಿಕ್ಕಮ್ಮನ ಮಗ ಮಾತ್ರೆ ತಿಂದು ಮಾತೇ ಬಿಟ್ಟಿದ್ದಾನೆ.

ಮನಶ್ಶಾಸ್ತ್ರಜ್ಞೆ, ಕೊಪ್ಪಳ

ಮಸ್ಕಿಯವರ ಭಯ ಸಾವಿರಾರು ಮನೆಗಳದ್ದು, ಅದಕ್ಕೇ ಬಿಡಿಸಿ ಹೇಳ್ತೀನಿ. ಸ್ಕಿಜೋಫ್ರೇನಿಯಾದಲ್ಲಿ ಎರಡು ಥರದ ಲಕ್ಷಣ ಇರ್ತಾವೆ. ಇಲ್ಲದ್ದು ಬಂದು ಸೇರಿಕೊಳ್ಳೋದು ಒಂದು: ಧ್ವನಿ ಕೇಳೋದು, ಸಂಶಯ. ಇದ್ದದ್ದು ಕಳೆದುಹೋಗೋದು ಇನ್ನೊಂದು: ಉತ್ಸಾಹ, ಮಾತು, ಮುಖದ ಮೇಲಿನ ಭಾವ, ಸ್ನಾನ ಮಾಡಬೇಕು ಅನ್ನೋ ಮನಸ್ಸು. ಮಾತ್ರೆ ಮೊದಲನೆಯದನ್ನ ಚೆನ್ನಾಗಿ ಹಿಡಿಯುತ್ತೆ, ಎರಡನೆಯದರ ಮೇಲೆ ಅಷ್ಟು ಹಿಡಿತ ಇಲ್ಲ. ಹಾಗಾಗಿ ಧ್ವನಿ ನಿಂತ ಮೇಲೆ ಉಳಿದ ಮಂಕುತನವನ್ನೆಲ್ಲ ಜನ ಮಾತ್ರೆಯ ತಲೆಗೆ ಕಟ್ತಾರೆ. ಕೆಲವು ಸಲ ಡೋಸ್ ಜಾಸ್ತಿ ಆಗಿಯೂ ಹಾಗಾಗುತ್ತೆ, ಅದನ್ನ ವೈದ್ಯರು ನೋಡಿ ಬೇರ್ಪಡಿಸಬೇಕು. ಎರಡು ಔಷಧಿ ಸರಿಯಾಗಿ ಕೊಟ್ಟರೂ ಧ್ವನಿ ನಿಲ್ಲದವರಿಗೆ ಕ್ಲೋಜಪಿನ್ ಇದೆ. ಅದಕ್ಕೆ ನಿಯಮಿತವಾಗಿ ರಕ್ತದ ಬಿಳಿಕಣ ಎಣಿಸಬೇಕು, ಮೊದಲಲ್ಲಿ ವಾರಕ್ಕೊಮ್ಮೆ.

ಕಳೆದುಹೋದ ಉತ್ಸಾಹವನ್ನ ಮರಳಿ ತರೋ ಕೆಲಸ ಮಾತ್ರೆ ಡಬ್ಬಿಯಲ್ಲಿ ಮುಗಿಯೋದಿಲ್ಲ. ದಿನಚರಿ, ಸಣ್ಣ ಕೆಲಸ, ಜನರ ಜೊತೆ ಮಾತಾಡೋ ಅಭ್ಯಾಸ, ಮನೆಯವರ ನಡವಳಿಕೆ, ಇದೆಲ್ಲ ಚಿಕಿತ್ಸೆಯೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಜೊತೆ ಮನೆಯವರನ್ನೂ ಆವರಣದಲ್ಲೇ ಟೆಂಟ್ ಹಾಕಿ ಉಳಿಸಿಕೊಂಡರು. ಮನೆಯವರು ರೋಗ ಏನು ಅಂತ ಕಣ್ಣಾರೆ ಕಂಡು ಕಲಿತು ಹೋಗ್ತಿದ್ರು. ನಮ್ಮ ದೇಶದ ಕುಟುಂಬ ಚಿಕಿತ್ಸೆಗೆ ಅಡಿಪಾಯ ಅದು. ಆಮೇಲೆ ಬ್ರಿಟನ್ನಿನ ಸಂಶೋಧಕರು ಅಳೆದು ತೋರಿಸಿದ್ದೂ ಇದನ್ನೇ: ಸದಾ ಬೈಗುಳ, ಚುಚ್ಚುಮಾತು, ಅತಿಯಾದ ಕಾವಲು ಇರೋ ಮನೆಗೆ ಮರಳಿದವರಲ್ಲಿ ರೋಗ ಬೇಗ ಮರುಕಳಿಸುತ್ತೆ.

ಸಿಂಧನೂರು ಅಣ್ಣ, ನಿಮ್ಮ ಬರಹದಲ್ಲಿ ಅಪ್ಪ ಏನಂದರು ಇದೆ, ಊರು ಏನಂತು ಇದೆ, ಅವ್ವ ಅತ್ತದ್ದು ಇದೆ. ತಮ್ಮ ಏನಂತಾನೆ ಅನ್ನೋದು ಇಲ್ಲ. ಅವನನ್ನ ಕೇಳಿದ್ದೀರಾ?

ಸಿಂಧನೂರು ಅಣ್ಣ

ಇಲ್ರಿ ಅಕ್ಕಾರ. ಕೇಳಿದ್ರ ಮತ್ತ ನೆನಪಾಗಿ ಹೆಚ್ಚು ಆಗ್ತದೇನೋ ಅಂತ ಮನ್ಯಾಗ ಆ ಮಾತ ತಗಿಯಂಗಿಲ್ಲ ನಾವು.

ಮನಶ್ಶಾಸ್ತ್ರಜ್ಞೆ, ಕೊಪ್ಪಳ

ಕೇಳಿದ್ರೆ ಹೆಚ್ಚಾಗೋದಿಲ್ಲ. ಅವನಿಗೆ ಅದು ಮರೆತಿರೋದೂ ಇಲ್ಲ.

ಕಪ್ಪಗಲ್ಲು ರಸ್ತೆ, ಬಳ್ಳಾರಿ

ನಾನೊಬ್ಬಳು ಗೃಹಿಣಿ. ನನ್ನದು ಬೇರೆ ಕಾಯಿಲೆ, ಆದ್ರೆ ಮಾತ್ರೆ ಅಲ್ಲದ ಚಿಕಿತ್ಸೆ ಹೆಂಗಿರ್ತೈತೆ ಅಂತ ಯಾರಾದ್ರೂ ಹೇಳಬೇಕಲ್ಲ, ಅದಕ್ಕೆ ಬರೀತಿದ್ದೀನಿ.

ನಂಗೆ ಓಸಿಡಿ, ಅಂದ್ರೆ ಬೇಡ ಅಂದ್ರೂ ಅದೇ ಹೆದರಿಕೆ ಬಂದು ಅದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ. ನಲ್ಲಿ ನೀರು ನಮಗೆ ದಿನಾ ಬರಲ್ಲ, ಎಷ್ಟೋ ದಿನಕ್ಕೊಮ್ಮೆ ಬರ್ತೈತೆ. ಬಂದ ದಿನ ಡ್ರಮ್ಮು, ಕೊಡ, ಬಿಂದಿಗೆ ಎಲ್ಲ ತುಂಬಿಸ್ಬೇಕು. ನಾನು ಕೊಡ ತೊಳೀತಾ ಕೂತ್ರೆ ಹದಿನೇಳು ಸಲ. ಎಣಿಕೆ ತಪ್ಪಿದ್ರೆ ಮೊದಲಿಂದ. ತೊಳೆದು ಮುಗಿಯೋ ಹೊತ್ತಿಗೆ ನೀರು ನಿಂತಿರ್ತಿತ್ತು, ಮನೆಯವರೆಲ್ಲ ಟ್ಯಾಂಕರ್‌ಗೆ ಕಾಯ್ಬೇಕು. ಅತ್ತೆ ಮೊದಮೊದಲು "ನಮ್ಮ ಸೊಸೆ ಮಡಿ" ಅಂತ ಹೊಗಳ್ತಿದ್ರು. ಮಡಿ ಅಲ್ಲ ಅದು, ನರಕ. ಮಗೂನ ಮುಟ್ಟೋಕೂ ಹೆದರಿಕೆ. ಅಂಗೈ ಬಿರಿದು ರಕ್ತ ಬರ್ತಿತ್ತು.

ಡಾಕ್ಟ್ರು ಫ್ಲೂಯಾಕ್ಸೆಟಿನ್ ಕೊಟ್ರು, ಖಿನ್ನತೆಗೆ ಕೊಡೋದಕ್ಕಿಂತ ಇದಕ್ಕೆ ಡೋಸ್ ಹೆಚ್ಚು ಬೇಕಾಗ್ತೈತೆ, ಎರಡು ಮೂರು ತಿಂಗಳು ತಾಳ್ಮೆ ಬೇಕು ಅಂದ್ರು. ಜೊತೆಗೆ ಒಬ್ಬ ಮೇಡಂ ಹತ್ರ ಕಳಿಸಿದ್ರು. ಆಕೆ ನನ್ನಿಂದಲೇ ಒಂದು ಪಟ್ಟಿ ಬರೆಸಿದ್ರು: ಯಾವುದು ಮುಟ್ಟಿದ್ರೆ ಎಷ್ಟು ಹೆದರಿಕೆ, ನೂರಕ್ಕೆ ಎಷ್ಟು. ಬಾಗಿಲ ಚಿಲಕ 30. ಹತ್ತು ರೂಪಾಯಿ ನೋಟು 45. ಚಪ್ಪಲಿ 80. ಮೊದಲ ದಿನ ಚಿಲಕ ಮುಟ್ಟಿ ಕೈ ತೊಳೀದೆ ಕೂರ್ಬೇಕು, ಅಷ್ಟೇ. ಗಡಿಯಾರ ಎದುರಿಗಿತ್ತು. ಐದು ನಿಮಿಷಕ್ಕೆ ಎದೆ ಬಡಿತ ಏರಿತು, ಬೆವರು, ಕೈ ನನ್ನದಲ್ಲ ಅನ್ನಿಸ್ತು. ಮೇಡಂ ಸಮಾಧಾನ ಹೇಳ್ಲಿಲ್ಲ, "ಏನೂ ಆಗಲ್ಲ" ಅಂತಲೂ ಅನ್ಲಿಲ್ಲ. "ಈಗ ಎಷ್ಟು?" ಅಂತ ಮಾತ್ರ ಕೇಳ್ತಿದ್ರು. 70 ಅಂದೆ. 75 ಅಂದೆ. ಇಪ್ಪತ್ತೈದನೇ ನಿಮಿಷಕ್ಕೆ 40 ಅಂದೆ, ನಂಗೇ ಆಶ್ಚರ್ಯ. ತೊಳೀದೇನೇ ಇಳಿದಿತ್ತು! ಅಲ್ಲಿಗಂಟ ನಾನು, ತೊಳೆದಿದ್ದಕ್ಕೆ ಹೆದರಿಕೆ ಇಳೀತೈತೆ ಅಂದ್ಕೊಂಡಿದ್ದೆ. ಅದು ತಾನಾಗೇ ಇಳೀತೈತೆ, ನಾನು ಯಾವತ್ತೂ ಕಾದೇ ನೋಡಿರಲಿಲ್ಲ.

ದಿನಾ ಮನೇಲೂ ಮಾಡ್ಬೇಕು. ಮನೆಯವರು "ತೊಳೆದಿದ್ದೀನಾ ಹೇಳ್ರಿ" ಅಂತ ನಾನು ಕೇಳಿದ್ರೆ ಉತ್ತರ ಕೊಡಬಾರದು ಅಂತ ನನ್ನ ಗಂಡನಿಗೂ ಪಾಠ ಆಯ್ತು. ಅವ್ರಿಗೆ ಅದು ನನಗಿಂತ ಕಷ್ಟ ಆಯ್ತು. ಈಗ ಕೊಡ ಒಂದೇ ಸಲ ತೊಳೀತೀನಿ. ಒತ್ತಡ ಇದ್ದಾಗ ಎರಡು. ಈ ಚಿಕಿತ್ಸೆಗೆ ಸಿಂಧನೂರು ಕಡೆ ಯಾರಾದ್ರೂ ಅದಾರಾ ಗೊತ್ತಿಲ್ಲ, ನಾನು ಆರು ತಿಂಗಳು ಬಸ್ಸಿನಾಗೆ ಓಡಾಡಿದೆ.

ಮನಶ್ಶಾಸ್ತ್ರಜ್ಞೆ, ಕೊಪ್ಪಳ

ಇದಕ್ಕಿಂತ ಚೆನ್ನಾಗಿ ನಾನು ಪಾಠ ಮಾಡಲಾರೆ ಅಕ್ಕ. ಒಂದು ಮಾತು ಸೇರಿಸ್ತೀನಿ. 'ಕೌನ್ಸೆಲಿಂಗ್' ಅಂತ ಬೋರ್ಡ್ ಹಾಕಿದವರೆಲ್ಲ ಇದನ್ನ ಕಲಿತಿರೋದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರುತ್ತೆ. ಕೇಳೋದಕ್ಕೆ ಸಂಕೋಚ ಬೇಡ. ನಮ್ಮ ಕಡೆ ಅಂಥವರು ಬಹಳ ಕಡಿಮೆ, ಅದು ನನಗೆ ನಿತ್ಯ ನೋವಿನ ವಿಷಯ.

ಮಾನ್ವಿ ಹತ್ತಿ

ನಂದು ಖಿನ್ನತೆ. ಗೊತ್ತಾಗಾಕ ಎರಡು ವರ್ಷ ಹಿಡೀತು, ಯಾಕಂದ್ರ ನಾ ಯಾವತ್ತೂ "ಬ್ಯಾಸರ" ಅಂತ ಅಂದಿಲ್ಲ. ಎದಿ ಭಾರ, ಕಾಲು ಜೋಮು, ಹೊಟ್ಟಿ ಉರಿ, ನಸುಕಿನ ಮೂರಕ್ಕ ಎಚ್ಚರ. ಇ.ಸಿ.ಜಿ., ಸ್ಕ್ಯಾನು, ಎಂಡೋಸ್ಕೋಪಿ ಎಲ್ಲಾ ನಾರ್ಮಲ್. ಕಡೀಕ ತಾಲೂಕು ದವಾಖಾನಿ ಡಾಕ್ಟ್ರು "ಹೊಲಕ್ಕ ಹೋಗಾಕ ಮನಸಾಗ್ತದೇನು?" ಅಂತ ಒಂದ ಪ್ರಶ್ನಿ ಕೇಳಿದ್ರು, ನಾ ಅಲ್ಲೇ ಅತ್ತೆ. ಎಸ್ಸಿಟಲೋಪ್ರಾಮ್ ಮಾತ್ರಿ. ಮೂರನೇ ವಾರದಿಂದ ನಿದ್ದಿ ಸುಧಾರಿಸ್ತು. ಆರಾಮಾದ ಮ್ಯಾಲೂ ಎಂಟು ತಿಂಗಳು ತಗೊಂಡು, ಡಾಕ್ಟ್ರು ಹೇಳಿದಂಗ ಕಡಿಮಿ ಮಾಡಿ ಬಿಟ್ಟೆ. ಅಂದ್ರ ಎಲ್ಲಾ ಮಾತ್ರಿ ಸಾಯೂತನಕ ಅಲ್ಲ, ಇದನ್ನೂ ಹೇಳಬೇಕಾಗಿತ್ತು. ಇನ್ನೊಂದು, ಆ ದಿನದಾಗ ನಮ್ಮಾಕಿ ಬೆಳಿಗೆ ಹೊಡಿಯೋ ಎಣ್ಣಿ ಡಬ್ಬಿಗಳನ್ನ ಮನ್ಯಾಗಿಂದ ತಗದು ಅಣ್ಣನ ಮನ್ಯಾಗ ಕೀಲಿ ಹಾಕಿಸಿದ್ಲು. ನನಗ ಹೇಳದ ಮಾಡಿದ್ಲು. ಆಕೀಗೆ ನನ್ನ ಜೀವ ಋಣ ಐತಿ.

ಗಂಗಾವತಿ ಹುಡುಗ

ಈ ಮಾತು ಎಲ್ಲಾ ರೈತರ ಮನಿಗೂ ಮುಟ್ಟಬೇಕು ಅಣ್ಣಾರ.

ರಾಯಚೂರು ಮೇಷ್ಟ್ರು

ನಾನು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಕುಸಿಯುವ ಕಾಯಿಲೆಯವನು, ಹನ್ನೆರಡು ವರ್ಷದಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಕಂಡುಕೊಂಡ ಈ ಉಪ್ಪು ನನ್ನನ್ನು ಶಾಲೆಯಲ್ಲಿ ಉಳಿಸಿದೆ. ಆದರೆ ನಮ್ಮ ಬಿಸಿಲಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ನನಗೆ ಯಾರೂ ಇಷ್ಟು ಒತ್ತಿ ಹೇಳಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಮೌಲ್ಯಮಾಪನಕ್ಕೆ ಹೋಗಿದ್ದೆ. ಹೊರಗೆ 42 ಡಿಗ್ರಿ. ಎರಡು ದಿನ ಭೇದಿಯಾಗಿತ್ತು, ಮೊಣಕಾಲು ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದ್ದೆ. ಮೂರನೇ ದಿನ ಅಂಕ ಬರೆಯಲು ಹೋದರೆ ಕೈ ನಡುಗಿ 6 ಬರೆದದ್ದು 0 ಆಗುತ್ತಿತ್ತು. ನಾಲಿಗೆ ತೊದಲಿತು, ನಡಿಗೆ ತಪ್ಪಿತು. ಜೊತೆಯವರು ಕುಡಿದು ಬಂದಿದ್ದಾನೆ ಅಂದುಕೊಂಡರು. ರಕ್ತ ನೋಡಿದರೆ ಲಿಥಿಯಂ 1.9. ಇರಬೇಕಾದ್ದು ಸುಮಾರು 0.6ರಿಂದ 1.0. ಬೆವರಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯೂ ಅದನ್ನೇ ಮಾಡುತ್ತದೆ. ಬೇಸಿಗೆಯಲ್ಲಿ ಮಜ್ಜಿಗೆ, ನೀರು ಬಿಡಬೇಡಿ, ಉಪ್ಪನ್ನು ಏಕಾಏಕಿ ಕಡಿಮೆ ಮಾಡಬೇಡಿ, ವಾಂತಿ ಭೇದಿಯಾದರೆ ಅವತ್ತೇ ವೈದ್ಯರಿಗೆ ತಿಳಿಸಿ. ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಡೋಸ್ ಆಗಿ 12 ಗಂಟೆಯ ಮೇಲೆ. ಓಲಂಜಪಿನ್‌ನಂಥ ಮಾತ್ರೆಯವರೂ ಉರಿಬಿಸಿಲಲ್ಲಿ ಹುಷಾರಾಗಿರಬೇಕು, ಮೈ ತಣಿಸಿಕೊಳ್ಳುವ ಶಕ್ತಿ ಅವರಲ್ಲಿ ಕಡಿಮೆಯಾಗಬಹುದು. ಮಿಲ್ಲಿನ ಶೆಡ್ಡಿನಲ್ಲಿ ಕೆಲಸ ಮಾಡುವ ನಿಮ್ಮ ತಮ್ಮನಿಗೂ ಇದು ಅನ್ವಯ.

ಆಶಾ, ಯಲಬುರ್ಗಾ ತಾಲೂಕು

ನಾನು ಆಶಾ ಕಾರ್ಯಕರ್ತೆ ರೀ. ಬಾಣಂತಿ ಸನ್ನಿ ಬಗ್ಗೆ ಯಾರೂ ಬರದಿಲ್ಲ. ಸಾವಿರ ಹೆರಿಗ್ಯಾಗ ಒಬ್ಬರಿಗೋ ಇಬ್ಬರಿಗೋ ಬರ್ತದ, ಬಹಳ ಮಂದಿಗೆ ಮೊದಲ ಎರಡು ವಾರದಾಗ. ನಮ್ಮೂರಾಗ ಒಬ್ಬಾಕಿ ಒಂಬತ್ತನೇ ದಿನ ಕೂಸು ತನ್ನದಲ್ಲ, ಬದಲಿ ಮಾಡ್ಯಾರ ಅಂದ್ಲು. ಮೂರು ರಾತ್ರಿ ನಿದ್ದಿ ಇಲ್ಲ. ದೃಷ್ಟಿ ಆಗೇದ, ಹೊಗಿ ಹಾಕ್ರಿ ಅಂದ್ರು ಹಿರೇರು. ನಾ ಕೂಸಿನ್ನ ಅಜ್ಜಿ ಕೈಯಾಗ ಕೊಡಿಸಿ, ಅವತ್ತ ಗಾಡಿ ಮಾಡಿಸಿ ಕೊಪ್ಪಳ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋದೆ. ಜ್ವರ, ನಂಜು ಐತೇನು ಅಂತ ಮೊದಲು ನೋಡಿದ್ರು, ಆಮ್ಯಾಲ ಮನೋವೈದ್ಯರು. ಆರು ವಾರದಾಗ ಕೂಸಿಗೆ ತಾನ ಎಣ್ಣಿ ಹಚ್ಚಿ ಎರೀತಿದ್ಲು. ಮುಂದಿನ ಬಸರಿಗೆ ಮೊದಲ ಡಾಕ್ಟ್ರಿಗೆ ಹೇಳಬೇಕು, ಮತ್ತ ಬರೋ ಸಂಭವ ಹೆಚ್ಚಂತ. ಇದರಾಗ ಒಂದು ದಿನಾನೂ ಕಾಯಬಾರದ್ರಿ, ತಾಯಿ ಕೂಸು ಇಬ್ಬರ ಜೀವದ ಪ್ರಶ್ನಿ.

ಕುಷ್ಟಗಿ ತಂಗಿ

ಲಗ್ನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡ್ತೀನಿ, ಯಾಕಂದ್ರ ನಾವು ಹೆಣ್ಣಿನ ಕಡ್ಯಾರು.

ನಮ್ಮ ಅಕ್ಕನ್ನ ಕೊಟ್ಟ ಮನ್ಯಾಗ ಮುಚ್ಚಿಟ್ಟಿದ್ರು. ಲಗ್ನಕ್ಕ ಹದಿನೈದು ದಿನ ಮೊದಲ ಭಾವಗ ಮಾತ್ರಿ ಬಿಡಿಸಿದ್ರಂತ, ಹಂದರದಾಗ ನಿದ್ದಿಗಣ್ಣಿನಾಗ ಕಾಣಬಾರದಂತ. ಒಂದೂವರೆ ತಿಂಗಳಿಗೆ ಭಾವ ರಾತ್ರಿಯೆಲ್ಲಾ ಬಾಗಲಾ ಕಾಯೋದು ಶುರು ಮಾಡಿದ. ಅಕ್ಕಗ ಏನಾಗೇದ ಅಂತ ಗೊತ್ತಿಲ್ಲ, 20 ವರ್ಷದ ಹುಡುಗಿ. ಭಾವ ಒಳ್ಳೆಯವ. ಅವನ ಮ್ಯಾಲ ಆಕೀಗೆ ಇವತ್ತೂ ಸಿಟ್ಟಿಲ್ಲ. ಅತ್ತಿ ಮಾವನ ಮ್ಯಾಲ ಐತಿ. "ಮೊದಲ ಹೇಳಿದ್ರ ಮಾತ್ರಿ ನಾನ ಕೊಡ್ತಿದ್ದೆ" ಅಂತಾಳ.

ಕಾನೂನು ಬ್ಯಾರೆ ಐತಿ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮೋಸದಿಂದ ಒಪ್ಪಿಗಿ ತಗೊಂಡಿದ್ರ ಲಗ್ನ ರದ್ದು ಮಾಡಿಸಾಕ ಬರ್ತದ. ಆದ್ರ ಕೋರ್ಟಿನ ಮಾತ ಬಿಡ್ರಿ. ಅಣ್ಣಾರ, ನಿಮ್ಮ ತಮ್ಮನ್ನ ಜೀವನಪೂರ್ತಿ ನೋಡಿಕೊಳ್ಳೋದು ಬರೋ ಹುಡುಗಿ. ಆಕೀಗೆ ಹೇಳ್ರಿ.

ನಿವೃತ್ತ ಆರೋಗ್ಯ ಸಹಾಯಕ, ಬಳ್ಳಾರಿ

ತಂಗಿ ಸರಿಯಾಗಿ ಹೇಳಿದ್ದಾಳೆ. ಹೇಳಿದ ಮೇಲೂ ಒಪ್ಪಿ ಬಂದ ಮನೆಗಳನ್ನು ನಾನು ಕಂಡಿದ್ದೇನೆ, ಹೇಳಿದ್ದಕ್ಕೆ ಎದ್ದು ಹೋದವರನ್ನೂ ಕಂಡಿದ್ದೇನೆ.

ಕಾಗದಪತ್ರದ ವಿಷಯ ಎರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರಪಳಿ ಹಾಕುವುದು ಅದರಲ್ಲಿ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಬಿಚ್ಚಿಕೊಳ್ಳಲಾಗದೆ 28 ರೋಗಿಗಳು ಸುಟ್ಟುಹೋದದ್ದನ್ನು ಮರೆಯಬಾರದು. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವಂತಿಲ್ಲ. ಜನ ಕರೆಂಟ್ ಅಂದರೆ ಬೆಚ್ಚುತ್ತಾರೆ. ಊಟ ನೀರು ಬಿಟ್ಟು ಕಲ್ಲಾಗಿ ಕೂತವರನ್ನು, ಸಾಯಬೇಕು ಅಂತ ಹಟ ಹಿಡಿದವರನ್ನು ಅದು ಕೆಲವೇ ದಿನಗಳಲ್ಲಿ ಎಬ್ಬಿಸಿದ್ದನ್ನು ನೋಡಿದ್ದೇನೆ. ರೋಗಿ ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಆರೋಗ್ಯ ವಿಮೆ ಬೇರೆ ಕಾಯಿಲೆಗೆ ಕೊಟ್ಟಂತೆ ಇದಕ್ಕೂ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೇಲೆ ಸೌಲಭ್ಯಕ್ಕೆ ಅರ್ಜಿ ಹಾಕಬಹುದು.

ಧಾರವಾಡಕ್ಕೆ ಪ್ರತಿ ಸಲ ಹೋಗಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಿಮ್ಮ ಸರದಿ ಯಾವ ಮಂಗಳವಾರ ಅಂತ ಮೊದಲು ವಿಚಾರಿಸಿ. ಧಾರವಾಡದ ಚೀಟಿ ತಗೊಂಡು ಹೋಗಿ. ಹೊತ್ತಲ್ಲದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರಿಗೆ ಕೇಳಬೇಕಾದ್ದು: ತೂಕ ಏರದ ಬೇರೆ ಔಷಧಿ ಆಗುತ್ತದಾ, ಖಾಲಿ ಹೊಟ್ಟೆ ಸಕ್ಕರೆ ನೋಡಬೇಕಾ, ಡೋಸ್ ಇಳಿಸುವುದಾದರೆ ಎಷ್ಟು ತಿಂಗಳಲ್ಲಿ ಎಷ್ಟು.

ಸಿಂಧನೂರು ಅಣ್ಣ

ಎಲ್ಲಾರಿಗೂ ಶರಣ್ರಿ. ಹನ್ನೆರಡು ದಿನ ಆತು, ಈಗ ಬರೀತೀನಿ.

ಮಂಗಳವಾರ ಹೋದ್ವಿ. ಸಕ್ಕರಿ 112 ಬಂತು, ಗಡಿಯಾಗ ಐತಿ ಅಂದ್ರು. ಮಾತ್ರಿ ರಾತ್ರಿ ಹತ್ತರ ಬದಲಿ ಎಂಟಕ್ಕ ಕೊಡ್ರಿ, ಮುಂಜಾನಿ ಏಳ್ತಾನ ಅಂದ್ರು. ತೂಕಕ್ಕ ಬ್ಯಾರೆ ಮಾತ್ರಿಗೆ ಸಾವಕಾಶ ಬದಲಿ ಮಾಡೋದು ಮುಂದಿನ ಸಲ ನೋಡೋಣ ಅಂದ್ರು. ಅಪ್ಪನ್ನೂ ಕರಕೊಂಡು ಹೋಗಿದ್ದೆ. ಬಿ.ಪಿ. ಮಾತ್ರಿ ನೀವು ಯಾಕ ಬಿಟ್ಟಿಲ್ಲ ಅಂತ ಡಾಕ್ಟ್ರು ಅಪ್ಪಗ ಕೇಳಿದ್ರು, ಅಪ್ಪ ಸುಮ್ಮನಾದ.

ಆದ್ರ ಬರೀಬೇಕಾಗಿದ್ದು ಅದಲ್ಲ. ಅಕ್ಕಾರು ಕೇಳಿದ್ದು ತಲ್ಯಾಗ ಕುಂತಿತ್ತು. ಮಿಲ್‌ನಿಂದ ಬರೂಮುಂದ ಗಾಡಿ ಕಾಲುವಿ ಮ್ಯಾಲ ನಿಲ್ಲಿಸಿ ತಮ್ಮಗ ಕೇಳಿದೆ, "ಮಾತ್ರಿ ಬಗ್ಗೆ ನೀ ಏನಂತಿ?" ಬಹಳ ಹೊತ್ತು ನೀರು ನೋಡ್ಕೋತ ನಿಂತ. ಆಮ್ಯಾಲ ಹೇಳಿದ. ಧ್ವನಿ ಪೂರ್ತಿ ಹೋಗಿಲ್ಲಂತ. ಮಿಲ್ಲಿನ ಸಪ್ಪಳದ ಹಿಂದ ಸಣ್ಣಗ ಇರ್ತದಂತ. ಮೊದಲು ಬೈತಿತ್ತಂತ, ಈಗ ಬರೇ ಹೆಸರು ಹಿಡಿದು ಕರೀತದಂತ. ಹೇಳಿದ್ರ ಅವ್ವ ಮತ್ತ ಅಳ್ತಾಳ, ಅಪ್ಪ ಮತ್ತ ಹೊಲ ಲೀಸಿಗೆ ಹಾಕ್ತಾನಂತ 14 ತಿಂಗಳು ಯಾರಿಗೂ ಹೇಳಿಲ್ಲ. ನಾವು ಆರಾಮ ಆಗ್ಯಾನ, ಆರಾಮ ಆಗ್ಯಾನ ಅಂತ ಊರಿಗೆಲ್ಲಾ ಹೇಳ್ಕೋತ ತಿರುಗಿದ್ವಿ. ಅವ ಅದನ್ನ ಕೇಳ್ಕೋತ ಕುಂತಿದ್ದ.

ಮಾತ್ರಿ ಬ್ಯಾಡ ಅಂತ ಅವ ಒಮ್ಮೆನೂ ಅಂದಿಲ್ಲ. "ಬಿಡಿಸಬ್ಯಾಡ ಅಣ್ಣಾ, ಬಿಟ್ರ ಅದು ಹತ್ರ ಬರ್ತದ" ಅಂದ. ಹುಡುಗಿ ಮನಿಗೆ ತಾನ ಹೇಳ್ತೀನಿ ಅಂದಾನ, ನಾನು ಬಾಜೂಕ ಇರಬೇಕಂತ.

ಅಕ್ಕಾರ, ಉಳದ ಧ್ವನಿಗೆ ಏನರೆ ಮಾಡಾಕ ಬರ್ತದೇನ್ರಿ?

ಮನಶ್ಶಾಸ್ತ್ರಜ್ಞೆ, ಕೊಪ್ಪಳ

ಬರುತ್ತೆ. ಮೊದಲು ಇದನ್ನ ಮನೋವೈದ್ಯರಿಗೆ ಅವನ ಬಾಯಿಂದಲೇ ಹೇಳಿಸಿ, ಔಷಧಿ ಬದಲಿಸೋ ಮುಂಚೆ ಅವರಿಗೆ ಇದು ಗೊತ್ತಾಗಲೇಬೇಕು. ಆಮೇಲೆ ಧ್ವನಿ ಯಾವ ಹೊತ್ತಿಗೆ, ಎಲ್ಲಿದ್ದಾಗ, ಏನು ಅಂತು, ಅವನು ಆಗ ಏನು ಮಾಡಿದ, ಧ್ವನಿ ಕಡಿಮೆ ಆಯ್ತಾ ಅಂತ ಒಂದು ವಾರ ಮಿಲ್ಲಿನ ಲೆಕ್ಕದ ಥರ ನೋಟ್ ಪುಸ್ತಕದಲ್ಲಿ ಬರೀಲಿ. ಬೇರೆ ಯಾರೂ ಓದಬಾರದು ಅಂದ್ರೆ ಓದಬೇಡಿ. ಧ್ವನಿಯ ಮಾತು ಕೇಳಲೇಬೇಕಾಗಿಲ್ಲ, ಅದಕ್ಕೆ ಉತ್ತರ ಕೊಡಲೇಬೇಕಾಗಿಲ್ಲ ಅಂತ ಕಲಿಸೋ ಮಾತಿನ ಚಿಕಿತ್ಸೆ ಇದೆ, ಆ ಪುಸ್ತಕದಿಂದಲೇ ಅದು ಶುರುವಾಗೋದು. ಧ್ವನಿ ಏನಾದ್ರೂ ಮಾಡು ಅಂತ ಅಪ್ಪಣೆ ಕೊಡೋಕೆ ಶುರು ಮಾಡಿದ್ರೆ ಮಾತ್ರ ಪುಸ್ತಕ, ಮಂಗಳವಾರ ಯಾವುದಕ್ಕೂ ಕಾಯದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮಸ್ಕಿ ಗೆಳೆಯ

ಚಿಕ್ಕಮ್ಮನ ಮನೆಗೆ ನಾಳೆ ಹೋಗ್ತಿದ್ದೀನಿ. ಅವನನ್ನ ಯಾವತ್ತೂ ಏನೂ ಕೇಳಿಲ್ಲ ನಾನು.